ಎಲ್ಲ ಜಂತುಹುಳುಗಳನ್ನೂ ಏಕೆ ಕೊಲ್ಲಬಾರದು?

ಜಂತುಹುಳುವಿನ ಔಷಧ ಕುಡಿಸಿ ಹದಿನೈದು ದಿನ ಕಳೆಯುವುದರೊಳಗೆ ಹಿಂಡಿನಲ್ಲಿ ಕುರಿ ಸತ್ತರೆ, ಸಾಕಿದವರ ಅನುಮಾನ ಮೊದಲು ಹೋಗುವುದು ಔಷಧದ ಮೇಲೆ. ಬಾಟಲಿ ಹಳೆಯದಿರಬೇಕು, ನಕಲಿ ಮಾಲಿರಬೇಕು ಎನ್ನುತ್ತಾರೆ. ಕೆಲವೊಮ್ಮೆ ಅದು ನಿಜವೂ ಆಗಿರುತ್ತದೆ. ಆದರೆ ಔಷಧ ಅಪ್ಪಟವಾಗಿದ್ದು, ಅಳತೆಯೂ ಸರಿಯಿದ್ದು, ಹುಳುಗಳು ಮಾತ್ರ ಅದಕ್ಕೆ ಜಗ್ಗದೆ ಬದುಕಿರುವುದು ಈಗ ಕುರಿ ಸಾಕುವ ಎಲ್ಲ ನಾಡುಗಳಲ್ಲೂ ಕಂಡುಬಂದಿದೆ. ಕಳೆದ ಎಪ್ಪತ್ತು ವರ್ಷಗಳಲ್ಲಿ ಬಳಕೆಗೆ ಬಂದ ಮುಖ್ಯ ಜಂತುನಾಶಕಗಳಲ್ಲಿ ಹುಳುಗಳ ಮುಂದೆ ಸೋಲದೆ ಉಳಿದದ್ದು ಇಲ್ಲವೆಂದೇ ಹೇಳಬೇಕು.

ಹುಳುಗಳು ಹೇಗೆ ಗೆದ್ದವು ಎಂದು ತಿಳಿದರೆ, ಇನ್ನೂ ಕೆಲಸ ಮಾಡುತ್ತಿರುವ ಔಷಧಗಳನ್ನು ಕಾಪಾಡಿಕೊಳ್ಳುವ ದಾರಿಯೂ ತಿಳಿಯುತ್ತದೆ. ಆ ದಾರಿ ಮೊದಲ ಬಾರಿಗೆ ಕೇಳಿದವರಿಗೆ ವಿಚಿತ್ರವೆನಿಸುತ್ತದೆ. ಹಿಂಡು ಉಳಿಯಬೇಕಾದರೆ ಕೆಲವು ಹುಳುಗಳನ್ನು ನಾವು ಬೇಕೆಂದೇ ಬದುಕಲು ಬಿಡಬೇಕು.

ನಾಲ್ಕನೇ ಹೊಟ್ಟೆಯೊಳಗೆ

ಕುರಿ ಮೇಕೆಗಳ ಹೊಟ್ಟೆ ಕರುಳುಗಳಲ್ಲಿ ಹತ್ತಾರು ಜಾತಿಯ ಹುಳುಗಳಿವೆ. ಬೆಚ್ಚಗಿನ, ಮಳೆ ಬೀಳುವ ಸೀಮೆಗಳಲ್ಲಿ ಅವುಗಳಲ್ಲಿ ಅತಿ ಹೆಚ್ಚು ಜೀವ ತೆಗೆಯುವುದು ಹೀಮಾಂಕಸ್ ಕಂಟಾರ್ಟಸ್. ಇದರ ಹೆಣ್ಣು ಎರಡು ಮೂರು ಸೆಂಟಿಮೀಟರ್ ಉದ್ದವಿರುತ್ತದೆ. ರಕ್ತ ತುಂಬಿದ ಕೆಂಪು ಕರುಳಿನ ಸುತ್ತ ಬಿಳಿಯ ಅಂಡಾಶಯ ಸುರುಳಿ ಸುತ್ತಿಕೊಂಡಿರುವುದರಿಂದ ಬರಿಗಣ್ಣಿಗೇ ಕೆಂಪು ಬಿಳಿ ಪಟ್ಟೆ ಕಾಣುತ್ತದೆ. ಹೀಮಾಂಕಸ್ ಹೆಚ್ಚಾಗಿ ಸತ್ತ ಕುರಿಯ ನಾಲ್ಕನೇ ಹೊಟ್ಟೆಯನ್ನು ಸೀಳಿ ನೋಡಿದರೆ, ಒಳಗೋಡೆಯ ತುಂಬ ಈ ಹುಳುಗಳು ಹರಿದಾಡುತ್ತಿರುತ್ತವೆ.

ಒಂದು ಹುಳು ದಿನವೊಂದಕ್ಕೆ ಸುಮಾರು 0.05 ಮಿಲಿಲೀಟರ್ ರಕ್ತ ಖರ್ಚು ಮಾಡಿಸುತ್ತದೆ. ಇದು ಕೇಳಲು ಅಲ್ಪವೆನಿಸಬಹುದು. ಆದರೆ 2,000 ಹುಳುಗಳಿದ್ದರೆ ದಿನಕ್ಕೆ 100 ಮಿಲಿಲೀಟರ್ ಆಯಿತು. ಇಪ್ಪತ್ತು ಕಿಲೋ ತೂಗುವ ಕುರಿಯ ಮೈಯಲ್ಲಿರುವ ಒಟ್ಟು ರಕ್ತವೇ ಒಂದೂಕಾಲು ಲೀಟರಿನ ಆಸುಪಾಸು. ಎಲುಬಿನ ಮಜ್ಜೆ ಎಷ್ಟೇ ದುಡಿದರೂ ಈ ನಷ್ಟವನ್ನು ಬಹುಕಾಲ ತುಂಬಿಕೊಡಲಾರದು. ರಕ್ತದೊಡನೆ ಪ್ರೋಟೀನೂ ಸೋರಿಹೋಗುವುದರಿಂದ ದವಡೆಯ ಕೆಳಗೆ ನೀರು ತುಂಬಿ ಬಾವು ಇಳಿಬೀಳುತ್ತದೆ. ಕುರಿಯ ಒಸಡು, ಕಣ್ಣಿನ ಒಳಪೊರೆಗಳು ಬಿಳಿಚುತ್ತವೆ. ಹಿಂಡಿನೊಡನೆ ನಡೆಯಲಾರದೆ ಅದು ಹಿಂದುಳಿಯುತ್ತದೆ, ಒಂದು ದಿನ ಕುಸಿದುಬೀಳುತ್ತದೆ. ಹೀಮಾಂಕಸ್ ರೋಗದಲ್ಲಿ ಭೇದಿ ಸಾಮಾನ್ಯವಾಗಿ ಇರುವುದಿಲ್ಲ. ಹಿಕ್ಕೆ ಗಟ್ಟಿಯಾಗಿಯೇ ಬೀಳುತ್ತಿರುವುದರಿಂದ ಹೊಟ್ಟೆಯಲ್ಲಿ ಹುಳುವಿದೆ ಎಂಬ ಸಂಶಯ ಎಷ್ಟೋ ಜನರಿಗೆ ಬರುವುದೇ ಇಲ್ಲ.

ಹೆಣ್ಣು ಹುಳು ದಿನಕ್ಕೆ ಐದರಿಂದ ಹತ್ತು ಸಾವಿರ ಮೊಟ್ಟೆ ಇಡುತ್ತದೆ. ಸಾವಿರ ಹೆಣ್ಣು ಹುಳುಗಳಿರುವ ಒಂದೇ ಕುರಿಯಿಂದ ದಿನಕ್ಕೆ ಕನಿಷ್ಠ 50 ಲಕ್ಷ ಮೊಟ್ಟೆ ನೆಲಕ್ಕೆ ಬೀಳುತ್ತದೆ. ಸೆಕೆ ಮತ್ತು ತೇವ ಎರಡೂ ಕೂಡಿದರೆ ನಾಲ್ಕರಿಂದ ಏಳು ದಿನಗಳಲ್ಲಿ ಮೊಟ್ಟೆಯೊಡೆದು, ಎರಡು ಬಾರಿ ಬೆಳೆದು, ಮೂರನೇ ಹಂತದ ಮರಿ ಸಿದ್ಧವಾಗುತ್ತದೆ. ಈ ಮರಿ ಹಿಂದಿನ ಹಂತದ ಪೊರೆಯನ್ನು ಕಳಚದೆ ಹಾಗೆಯೇ ಹೊದ್ದುಕೊಂಡಿರುತ್ತದೆ. ಆ ಹೊದಿಕೆ ಬಿಸಿಲು ಗಾಳಿಯಿಂದ ಅದನ್ನು ರಕ್ಷಿಸುತ್ತದೆ, ಆದರೆ ಬಾಯನ್ನೂ ಮುಚ್ಚುತ್ತದೆ. ಹಾಗಾಗಿ ಮರಿ ಏನನ್ನೂ ತಿನ್ನಲಾರದು. ಮೈಯಲ್ಲಿ ಕೂಡಿಟ್ಟ ಶಕ್ತಿ ಮುಗಿಯುವುದರೊಳಗೆ ಯಾವುದಾದರೂ ಕುರಿಯ ಬಾಯಿ ಸೇರಬೇಕು. ಇಬ್ಬನಿಯ, ಮಳೆಹನಿಯ ನೀರಿನ ಪದರದಲ್ಲಿ ಈಜುತ್ತ ಅದು ಹುಲ್ಲಿನ ಎಸಳನ್ನು ಹತ್ತುತ್ತದೆ. ನುಂಗಿದ ಕುರಿಯ ಹೊಟ್ಟೆಯಲ್ಲಿ ಮೂರು ವಾರಕ್ಕೆ ಬಲಿತು, ತಾನೂ ಮೊಟ್ಟೆ ಇಡತೊಡಗುತ್ತದೆ.

ಹೊರಗಿನ ಋತು ಪ್ರತಿಕೂಲವಾಗಿದ್ದರೆ ಈ ಹುಳುವಿಗೆ ಇನ್ನೊಂದು ಉಪಾಯವಿದೆ. ನುಂಗಿದ ಮರಿಗಳು ಹೊಟ್ಟೆಯ ಗೋಡೆಯೊಳಗೆ ಸೇರಿಕೊಂಡು ಬೆಳವಣಿಗೆಯನ್ನೇ ನಿಲ್ಲಿಸಿಬಿಡುತ್ತವೆ. ತಿಂಗಳುಗಟ್ಟಲೆ ಹಾಗಿದ್ದು, ಮಳೆಗಾಲ ಬರುವ ಹೊತ್ತಿಗೆ ಮತ್ತೆ ಬೆಳೆಯತೊಡಗುತ್ತವೆ. ತಾಯಿಕುರಿಯ ರೋಗನಿರೋಧಕ ಶಕ್ತಿಯೂ ಈಯುವ ಹೊತ್ತಿಗೆ ಕೆಲವು ವಾರ ಕುಗ್ಗುತ್ತದೆ. ಮೊಟ್ಟೆ ಬೀಳುವುದು ಆಗ ಒಮ್ಮೆಗೇ ಏರುತ್ತದೆ. ಹುಳುವಿನ ಪರಿಚಯವೇ ಇಲ್ಲದ ಎಳೆ ಮರಿಗಳು ಹುಲ್ಲು ಕಚ್ಚಲು ಕಲಿಯುವ ಸಮಯಕ್ಕೆ ಸರಿಯಾಗಿ ಮೇವಿನ ನೆಲ ಹುಳುಮರಿಗಳಿಂದ ತುಂಬಿರುತ್ತದೆ.

ಔಷಧಗಳು ಬಂದವು, ಸೋತವು

ಕುರಿಗಳಿಗೆ ದೊಡ್ಡ ಪ್ರಮಾಣದಲ್ಲಿ ಬಳಕೆಯಾದ ಮೊದಲ ಆಧುನಿಕ ಜಂತುನಾಶಕ ಫಿನೋಥಯಜೀನ್. ಅದಕ್ಕೆ ಬಗ್ಗದ ಹೀಮಾಂಕಸ್ ಹುಳುಗಳನ್ನು ಅಮೆರಿಕದ ಕೆಂಟಕಿಯಲ್ಲಿ ಹೆರಾಲ್ಡ್ ಡ್ರಜ್ ಮತ್ತು ಸಂಗಡಿಗರು 1957ರಲ್ಲೇ ವರದಿ ಮಾಡಿದರು. 1961ರಲ್ಲಿ ಥಯಾಬೆಂಡಜೋಲ್ ಬಂತು. ಇದು ಹೆಚ್ಚು ಸುರಕ್ಷಿತವೂ ಹೆಚ್ಚು ಪ್ರಬಲವೂ ಆಗಿತ್ತು. ಇದಕ್ಕೂ ಬಗ್ಗದ ಹುಳುಗಳು ಮೂರೇ ವರ್ಷಕ್ಕೆ, 1964ರಲ್ಲಿ, ಕಾಣಿಸಿಕೊಂಡವು. ಇಂದು ನಮ್ಮ ಅಂಗಡಿಗಳಲ್ಲಿ ಸಿಗುವ ಆಲ್ಬೆಂಡಜೋಲ್, ಫೆನ್‌ಬೆಂಡಜೋಲ್ ಎಲ್ಲವೂ ಇದೇ ಕುಟುಂಬದವು.

ನಂತರ ಬಂದದ್ದು ಪಶುವೈದ್ಯ ಚರಿತ್ರೆಯಲ್ಲೇ ದೊಡ್ಡ ಔಷಧ. ಟೋಕಿಯೊದ ಕಿಟಾಸಾಟೊ ಸಂಸ್ಥೆಯ ಸತೋಶಿ ಓಮುರಾ ಜಪಾನಿನ ಮಣ್ಣುಗಳಿಂದ ಸೂಕ್ಷ್ಮಜೀವಿಗಳನ್ನು ಹೆಕ್ಕಿ ತೆಗೆಯುತ್ತಿದ್ದರು. ಶಿಝುವೋಕಾ ಪ್ರಾಂತ್ಯದ ಕವಾನಾ ಎಂಬಲ್ಲಿ ಗಾಲ್ಫ್ ಮೈದಾನದ ಬಳಿಯ ಮಣ್ಣಿನಿಂದ 1970ರ ದಶಕದಲ್ಲಿ ತೆಗೆದ ಒಂದು ಬ್ಯಾಕ್ಟೀರಿಯಾವನ್ನು ಅವರು ಅಮೆರಿಕದ ಮರ್ಕ್ ಕಂಪನಿಗೆ ಕಳಿಸಿದರು. ಅಲ್ಲಿ ವಿಲಿಯಂ ಕ್ಯಾಂಬೆಲ್ ಅವರ ತಂಡ ಹುಳು ತುಂಬಿದ ಇಲಿಗಳ ಮೇಲೆ ಪರೀಕ್ಷಿಸಿದಾಗ ಅದರ ಶಕ್ತಿ ಬೆಳಕಿಗೆ ಬಂತು. ಅದರಿಂದ ರೂಪುಗೊಂಡ ಐವರ್‌ಮೆಕ್ಟಿನ್ 1981ರಲ್ಲಿ ಪಶುಗಳ ಚಿಕಿತ್ಸೆಗೆ ಮಾರುಕಟ್ಟೆಗೆ ಬಂತು. ಮನುಷ್ಯರ ನದಿ ಕುರುಡು ರೋಗವನ್ನು ಹಿಮ್ಮೆಟ್ಟಿಸಿದ್ದೂ ಇದೇ ಔಷಧ. 2015ರ ನೊಬೆಲ್ ವೈದ್ಯಕೀಯ ಪ್ರಶಸ್ತಿಯಲ್ಲಿ ಓಮುರಾ ಮತ್ತು ಕ್ಯಾಂಬೆಲ್ ಪಾಲು ಪಡೆದದ್ದು ಈ ಕೆಲಸಕ್ಕಾಗಿ.

ಐವರ್‌ಮೆಕ್ಟಿನ್‌ಗೆ ಹುಳುಗಳು ಒಗ್ಗಿಕೊಳ್ಳುವುದು ಕಷ್ಟ ಎಂದು ಆಗ ಅನೇಕರು ನಂಬಿದ್ದರು. 1980ರ ದಶಕ ಮುಗಿಯುವ ಮೊದಲೇ ದಕ್ಷಿಣ ಆಫ್ರಿಕಾದ ಕುರಿಗಳಲ್ಲಿ ಆ ನಂಬಿಕೆ ಸುಳ್ಳಾಯಿತು. ಬಹುಕಾಲದ ನಂತರ ಬಂದ ಹೊಸ ಕುಟುಂಬದ ಔಷಧ ಮೊನೆಪಾಂಟೆಲ್. ಅದು ನ್ಯೂಜಿಲೆಂಡಿನಲ್ಲಿ 2009ರಲ್ಲಿ ಬಿಡುಗಡೆಯಾಯಿತು. ಅದೇ ದೇಶದ ಒಂದು ಸಾಕಣೆ ಕೇಂದ್ರದಲ್ಲಿ ಅದಕ್ಕೂ ಬಗ್ಗದ ಹುಳುಗಳ ವರದಿ 2013ರಲ್ಲಿ ಬಂತು.

ಇದು ಹೇಗೆ ನಡೆಯುತ್ತದೆ ಎಂಬುದು ಆಲ್ಬೆಂಡಜೋಲ್ ಕುಟುಂಬದಲ್ಲಿ ಚೆನ್ನಾಗಿ ತಿಳಿದಿದೆ. ಆ ಔಷಧ ಹುಳುವಿನ ಜೀವಕೋಶದ ಟ್ಯುಬುಲಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು, ಕೋಶದೊಳಗಿನ ಸಾಗಾಟವನ್ನೇ ಕಟ್ಟಿಹಾಕುತ್ತದೆ. ಆ ಪ್ರೋಟೀನಿನ 200ನೇ ಸ್ಥಾನದಲ್ಲಿ ಫಿನೈಲ್‌ಅಲನೀನ್ ಎಂಬ ಅಮೈನೋ ಆಮ್ಲದ ಜಾಗಕ್ಕೆ ಟೈರೊಸಿನ್ ಬಂದರೆ ಸಾಕು, ಔಷಧಕ್ಕೆ ಹಿಡಿತ ಸಿಗುವುದಿಲ್ಲ. ಔಷಧವೇನೂ ಈ ಬದಲಾವಣೆಯನ್ನು ಹುಟ್ಟಿಸುವುದಿಲ್ಲ. ಕೋಟ್ಯಂತರ ಹುಳುಗಳ ನಡುವೆ ಅಂಥ ಕೆಲವು ಮೊದಲೇ ಇರುತ್ತವೆ. ಔಷಧ ಉಳಿದವನ್ನೆಲ್ಲ ಕೊಂದು, ಈ ಕೆಲವಕ್ಕೆ ಇಡೀ ಹೊಟ್ಟೆಯನ್ನು ಬಿಟ್ಟುಕೊಡುತ್ತದೆ, ಅಷ್ಟೆ. ಆ ಬಳಿಕ ಬೀಳುವ ಮೊಟ್ಟೆಗಳೆಲ್ಲ ಅವುಗಳವೇ.

ಬ್ರಾಂಡ್ ಬದಲಿಸಿದರೆ ಇದಕ್ಕೆ ಪರಿಹಾರ ಸಿಗುವುದಿಲ್ಲ ಎಂಬುದೂ ಇದರಿಂದಲೇ ಸ್ಪಷ್ಟ. ಆಲ್ಬೆಂಡಜೋಲ್‌ಗೆ ಬಗ್ಗದ ಹುಳು ಫೆನ್‌ಬೆಂಡಜೋಲ್‌ಗೂ ಬಗ್ಗುವುದಿಲ್ಲ, ಎರಡೂ ಅಂಟಬೇಕಾದ ಜಾಗ ಒಂದೇ. ಬಾಟಲಿಯ ಮೇಲೆ ದೊಡ್ಡದಾಗಿ ಮುದ್ರಿಸಿದ ಹೆಸರನ್ನು ಬಿಟ್ಟು, ಕೆಳಗೆ ಸಣ್ಣಕ್ಷರದಲ್ಲಿರುವ ಔಷಧದ ಹೆಸರನ್ನು ಓದುವ ಅಭ್ಯಾಸ ಪ್ರತಿಯೊಬ್ಬ ಸಾಕಣೆದಾರರಿಗೂ ಬೇಕು.

ಔಷಧ ತಾಗದ ಹುಳುಗಳ ಬೆಲೆ

ಯಾವುದೇ ದಿನ ಒಂದು ಹಿಂಡಿಗೆ ಸಂಬಂಧಿಸಿದ ಹುಳುಗಳ ಬಹುಪಾಲು ಕುರಿಗಳ ಹೊಟ್ಟೆಯಲ್ಲಿ ಇರುವುದಿಲ್ಲ. ಅವು ಮೊಟ್ಟೆಗಳಾಗಿ, ಮರಿಗಳಾಗಿ ಹುಲ್ಲುನೆಲದಲ್ಲಿರುತ್ತವೆ. ಕುರಿಗೆ ಕುಡಿಸಿದ ಔಷಧ ಅವುಗಳನ್ನು ಮುಟ್ಟುವುದಿಲ್ಲ. ಹೀಗೆ ಔಷಧದ ಕೈಗೆ ಸಿಗದ ಹುಳುಗಳ ಸಮೂಹವನ್ನು ವಿಜ್ಞಾನಿಗಳು ರೆಫ್ಯೂಜಿಯಾ ಎನ್ನುತ್ತಾರೆ. ಔಷಧ ಕುಡಿಸದೆ ಬಿಟ್ಟ ಕುರಿಗಳೊಳಗಿನ ಹುಳುಗಳೂ ಇದರಲ್ಲಿ ಸೇರುತ್ತವೆ. ಔಷಧಕ್ಕೆ ಹುಳುಗಳು ಎಷ್ಟು ಬೇಗ ಒಗ್ಗಿಕೊಳ್ಳುತ್ತವೆ ಎಂಬುದನ್ನು ನಿರ್ಧರಿಸುವ ಅತ್ಯಂತ ದೊಡ್ಡ ಅಂಶ ಇದೇ ಎಂದು ದಕ್ಷಿಣ ಆಫ್ರಿಕಾದ ಯಾನ್ ಫಾನ್ ವೈಕ್ 2001ರಲ್ಲಿ ವಾದಿಸಿದರು. ಹುಳು ನಿಯಂತ್ರಣದ ಚಿಂತನೆಯ ದಿಕ್ಕು ಬದಲಾದದ್ದರಲ್ಲಿ ಆ ವಾದದ ಪಾಲು ದೊಡ್ಡದು.

ಕಾರಣ ಸರಳವಾಗಿದೆ. ಔಷಧ ತಡೆದುಕೊಂಡು ಬದುಕಿದ ಹುಳುವಿಗೆ ಜೊತೆಗಾರ ಬೇಕು. ಸುತ್ತಲೂ ಔಷಧಕ್ಕೆ ಸಾಯುವ ಗುಣದ ಹುಳುಗಳೇ ಹೆಚ್ಚಿದ್ದರೆ ಅದು ಅವುಗಳೊಡನೆ ಕೂಡುತ್ತದೆ. ಆಲ್ಬೆಂಡಜೋಲ್ ಕುಟುಂಬದ ವಿಷಯದಲ್ಲಿ, ತಂದೆ ತಾಯಿ ಇಬ್ಬರಿಂದಲೂ ಆ ಬದಲಾದ ಜೀನ್ ಬಂದರೆ ಮಾತ್ರ ಹುಳುವಿಗೆ ಪೂರ್ಣ ರಕ್ಷಣೆ. ಒಬ್ಬರಿಂದ ಮಾತ್ರ ಬಂದಿದ್ದರೆ ಮುಂದಿನ ಸಲ ಸರಿಯಾದ ಪ್ರಮಾಣದ ಔಷಧಕ್ಕೆ ಅದು ಬಹುಮಟ್ಟಿಗೆ ಸಾಯುತ್ತದೆ. ಒಕ್ಕಣೆ ಮುಗಿಸಿದ ರೈತ ಕಣದ ಕಾಳನ್ನೆಲ್ಲ ಮಾರದೆ ಮುಂದಿನ ಬಿತ್ತನೆಗೆ ಒಂದಿಷ್ಟು ಎತ್ತಿಡುವಂತೆ, ಔಷಧಕ್ಕೆ ಸಾಯುವ ಗುಣವುಳ್ಳ ಹುಳುಗಳನ್ನೂ ನಾವು ಎತ್ತಿಡಬೇಕಾಗಿದೆ.

ಈ ಬೆಳಕಿನಲ್ಲಿ ನೋಡಿದರೆ ನಾವು ಒಳ್ಳೆಯದೆಂದು ನಂಬಿದ್ದ ಕೆಲವು ಪದ್ಧತಿಗಳು ಹಾನಿ ಮಾಡಿದ್ದು ಕಾಣುತ್ತದೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಬೇಸಿಗೆ ಬಿರುಬಿಸಿಲಿನದು, ಮಳೆ ಚಳಿಗಾಲದಲ್ಲಿ. ಬೇಸಿಗೆಯಲ್ಲಿ ನೆಲದ ಮೇಲಿನ ಮರಿಗಳೆಲ್ಲ ಒಣಗಿ ಸಾಯುತ್ತವೆ. ಆ ಸಮಯಕ್ಕೆ ಎಲ್ಲ ಕುರಿಗಳಿಗೂ ಔಷಧ ಕೊಟ್ಟರೆ ಹೊಟ್ಟೆಯೂ ಶುದ್ಧ, ನೆಲವೂ ಶುದ್ಧ ಎಂಬ ಲೆಕ್ಕಾಚಾರ ಅಲ್ಲಿ ದಶಕಗಳ ಕಾಲ ನಡೆಯಿತು. ಕೆಲವು ವರ್ಷ ಫಲವೂ ಅಮೋಘವಾಗಿತ್ತು. ಆದರೆ ಮಳೆ ಬಂದಾಗ ನೆಲಕ್ಕೆ ಬಿದ್ದ ಮೊಟ್ಟೆಗಳು ಔಷಧ ಗೆದ್ದ ಹುಳುಗಳವು ಮಾತ್ರ. ಬೆರೆಯಲು ಬೇರೆ ಹುಳುಗಳೇ ಉಳಿದಿರಲಿಲ್ಲ. ಈಗ ಅಲ್ಲಿನ ತಜ್ಞರು ಬೇಸಿಗೆಯಲ್ಲಿ ವಯಸ್ಕ ಕುರಿಗಳಲ್ಲಿ ಒಂದು ಪಾಲಿಗೆ ಔಷಧ ಕೊಡದೆ ಬಿಡಿ ಎಂದು ಹೇಳುತ್ತಾರೆ.

ನಮ್ಮ ಬಯಲುಸೀಮೆಗೂ ಈ ಪಾಠ ನೇರವಾಗಿ ಅನ್ವಯಿಸುತ್ತದೆ. ನಾಲ್ಕು ತಿಂಗಳ ಬಿಸಿಲಿಗೆ ಗೋಮಾಳ ಕೆಂಪಾಗಿ ಕಾದಿರುವಾಗ, ಮುಂಗಾರಿಗೆ ಮೊದಲು ಹಿಂಡಿನ ಪ್ರತಿ ಕುರಿಗೂ ಒಂದೇ ಔಷಧ ಕುಡಿಸುವುದು ವಾಡಿಕೆ. ನೆಲದಲ್ಲಿ ಮರಿಗಳು ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆಯಿರುವ ಆ ಹೊತ್ತಿನಲ್ಲಿ, ಔಷಧ ತಾಗದ ಹುಳುಗಳಿಗೆ ಉಳಿದಿರುವ ಏಕೈಕ ನೆಲೆ ಕುರಿಯ ಹೊಟ್ಟೆ. ಅಲ್ಲಿಯೂ ಎಲ್ಲಕ್ಕೂ ಔಷಧ ಕೊಟ್ಟರೆ ಮುಂಗಾರಿನ ಮೊದಲ ಹುಲ್ಲಿಗೆ ನಾವೇ ಗಟ್ಟಿ ಹುಳುಗಳನ್ನು ಬಿತ್ತಿದ ಹಾಗಾಗುತ್ತದೆ. ಬಡಕಲಾದವು, ಬಿಳಿಚಿದವು, ಎಳೆಯವು ಔಷಧ ಪಡೆಯಲಿ. ಮೈ ತುಂಬಿಕೊಂಡಿರುವ ದೊಡ್ಡ ಕುರಿಗಳಲ್ಲಿ ಕೆಲವನ್ನು ಬಿಡಬೇಕು.

ಕೆಳರೆಪ್ಪೆಯ ಬಣ್ಣ

ಯಾವುದಕ್ಕೆ ಕೊಡಬೇಕು, ಯಾವುದನ್ನು ಬಿಡಬೇಕು? ಹುಳುಗಳು ಹಿಂಡಿನಲ್ಲಿ ಸಮನಾಗಿ ಹಂಚಿಕೊಂಡಿರುವುದಿಲ್ಲ. ಸಾಮಾನ್ಯವಾಗಿ ಶೇ. 20ರಿಂದ 30ರಷ್ಟು ಪ್ರಾಣಿಗಳ ಹೊಟ್ಟೆಯಲ್ಲಿ ಒಟ್ಟು ಹುಳುಗಳ ಶೇ. 80ರಷ್ಟಿರುತ್ತದೆ. ಉಳಿದವು ಅಲ್ಪಸ್ವಲ್ಪ ಹುಳುಗಳೊಡನೆ ಆರಾಮವಾಗಿ ಬದುಕುತ್ತವೆ. ಆ ಕೆಲವನ್ನು ಗುರುತಿಸಿದರೆ ಮುಕ್ಕಾಲು ಕೆಲಸ ಮುಗಿಯಿತು.

ಹೀಮಾಂಕಸ್ ವಿಷಯದಲ್ಲಿ ಗುರುತಿಸುವ ದಾರಿಯನ್ನು ದಕ್ಷಿಣ ಆಫ್ರಿಕಾದ ಪಶುವೈದ್ಯರು 1990ರ ದಶಕದಲ್ಲಿ ಕಂಡುಕೊಂಡರು. ಫಾಫಾ ಎಂದೇ ಕರೆಯಲಾಗುತ್ತಿದ್ದ ಫ್ರಾನ್ಸ್ವಾ ಮಲಾನ್, ಕುರಿಯ ರಕ್ತ ಎಷ್ಟು ತೆಳುವಾಗಿದೆ ಎಂಬುದು ಕಣ್ಣಿನ ಕೆಳರೆಪ್ಪೆಯ ಒಳಪೊರೆಯ ಬಣ್ಣದಲ್ಲಿ ನಂಬಲರ್ಹವಾಗಿ ತಿಳಿಯುತ್ತದೆ ಎಂದು ಗಮನಿಸಿದರು. ಯಾನ್ ಫಾನ್ ವೈಕ್ ಮತ್ತು ಗ್ಯಾರೆತ್ ಬಾತ್ ಅವರೊಡನೆ ಸೇರಿ ಇದನ್ನು ಐದು ಬಣ್ಣಗಳ ಒಂದು ಕಾರ್ಡಾಗಿ ರೂಪಿಸಲಾಯಿತು. ಮಲಾನರ ಹೆಸರಿನಿಂದಲೇ ಅದು ಫಮಾಚಾ ಕಾರ್ಡ್ ಎಂದು ಪ್ರಸಿದ್ಧವಾಯಿತು. ಒಂದನೆಯದು ಕಡುಗೆಂಪು, ಐದನೆಯದು ಸುಣ್ಣದ ಬಿಳಿ. ರೆಪ್ಪೆ ಒಂದು, ಎರಡರ ಬಣ್ಣದಲ್ಲಿದ್ದರೆ ಔಷಧ ಬೇಡ. ನಾಲ್ಕು, ಐದಾದರೆ ತಡಮಾಡದೆ ಕೊಡಬೇಕು. ಮೂರನೆಯದು ಅನುಮಾನದ್ದು. ಎಳೆಮರಿ, ಗಬ್ಬದ ಕುರಿ, ಸೊರಗಿದ ಕುರಿಗಳಾದರೆ ಕೊಡುವುದು ಕ್ಷೇಮ.

ಹೀಗೆ ಪರೀಕ್ಷಿಸಿ ಔಷಧ ಕೊಡುವ ಹಿಂಡುಗಳಲ್ಲಿ ಇಡೀ ಋತು ಮುಗಿದರೂ ಹೆಚ್ಚಿನ ಕುರಿಗಳಿಗೆ ಒಮ್ಮೆಯೂ ಔಷಧ ಬೇಕಾಗದೆ ಇರುವುದು ಕಂಡುಬಂತು. ಮತ್ತೆ ಮತ್ತೆ ಔಷಧ ಬೇಕಾಗುವ ಕೆಲವು ಕುರಿಗಳೂ ಇದರಿಂದಲೇ ಬೆಳಕಿಗೆ ಬರುತ್ತವೆ. ಅಂಥವನ್ನು ತಳಿಗೆ ಉಳಿಸಿಕೊಳ್ಳದಿದ್ದರೆ ಹಿಂಡು ವರ್ಷದಿಂದ ವರ್ಷಕ್ಕೆ ಗಟ್ಟಿಯಾಗುತ್ತದೆ.

ಇದಕ್ಕೆ ಮಿತಿಗಳಿವೆ. ಮಳೆಗಾಲದಲ್ಲಿ ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಪ್ರತಿ ಕುರಿಯ ಕಣ್ಣನ್ನು ಹಗಲ ಬೆಳಕಿನಲ್ಲಿ ನೋಡಲೇಬೇಕು, ಏಕೆಂದರೆ ಹೀಮಾಂಕಸ್ ಕೆಲವೇ ದಿನಗಳಲ್ಲಿ ಕೊಲ್ಲಬಲ್ಲದು. ರಕ್ತ ಹೀರದ, ಭೇದಿ ತರುವ ಹುಳುಗಳನ್ನು ಈ ಕಾರ್ಡ್ ಹಿಡಿಯುವುದಿಲ್ಲ. ಕೆರೆಯಂಗಳ, ಗದ್ದೆಬಯಲುಗಳಲ್ಲಿ ಮೇಯುವ ದನ ಕುರಿಗಳಲ್ಲಿ ಕಣ್ಣು ಬಿಳಿಚಲು ಇನ್ನೊಂದು ಕಾರಣವೂ ಇರಬಹುದು. ನೀರಿನ ಬಸವನಹುಳುಗಳ ಮೂಲಕ ಹರಡುವ ಯಕೃತ್ತಿನ ಚಪ್ಪಟೆ ಹುಳುವೂ ರಕ್ತವನ್ನು ಸೋರಿಸುತ್ತದೆ. ಅದಕ್ಕೆ ಬೇರೆಯದೇ ಔಷಧ ಬೇಕು. ಐವರ್‌ಮೆಕ್ಟಿನ್ ಅದನ್ನು ಏನೂ ಮಾಡದು, ಆಲ್ಬೆಂಡಜೋಲ್ ಅದರ ಎಳೆಯ ಹಂತಗಳನ್ನು ಮುಟ್ಟದು.

ಕುದುರೆ ಲಾಯದ ಪಾಠ

ಕುದುರೆಗಳ ಕಥೆ ಬೇರೆ ದಾರಿಯಿಂದ ಬಂದು ಇದೇ ಜಾಗಕ್ಕೆ ಸೇರುತ್ತದೆ. ಇಪ್ಪತ್ತನೇ ಶತಮಾನದ ನಡುಭಾಗದವರೆಗೆ ಕುದುರೆ ಸಾಕುವವರ ದೊಡ್ಡ ಭಯ ಸ್ಟ್ರಾಂಗೈಲಸ್ ವಲ್ಗಾರಿಸ್ ಎಂಬ ಹುಳು. ಅದರ ಮರಿಗಳು ಕರುಳಿನಿಂದ ಹೊರಟು, ಕರುಳಿಗೆ ರಕ್ತ ಒಯ್ಯುವ ಮುಖ್ಯ ಅಪಧಮನಿಯ ಗೋಡೆಯಲ್ಲಿ ತಿಂಗಳುಗಟ್ಟಲೆ ನೆಲೆಸುತ್ತವೆ. ಅಲ್ಲಿ ರಕ್ತ ಹೆಪ್ಪುಗಟ್ಟಿ, ಹೆಪ್ಪಿನ ತುಂಡು ಮುಂದೆ ಹೋಗಿ ಸಿಕ್ಕಿಕೊಂಡರೆ ಕರುಳಿನ ಒಂದು ಭಾಗವೇ ಸಾಯುತ್ತದೆ. ಕುದುರೆ ಹೊಟ್ಟೆನೋವಿನಿಂದ ನೆಲದ ಮೇಲೆ ಹೊರಳಾಡಿ ಪ್ರಾಣಬಿಡುತ್ತದೆ.

ಕೆಂಟಕಿಯ ಡ್ರಜ್ ಮತ್ತು ಜೀನ್ ಲಯನ್ಸ್ 1966ರಲ್ಲಿ ಒಂದು ಕ್ರಮವನ್ನು ಮುಂದಿಟ್ಟರು. ಆಗಿನ ಔಷಧ ಕೊಟ್ಟ ಸುಮಾರು ಎಂಟು ವಾರಕ್ಕೆ ಲದ್ದಿಯಲ್ಲಿ ಮತ್ತೆ ಮೊಟ್ಟೆ ಕಾಣಿಸುತ್ತಿತ್ತು. ಆದ್ದರಿಂದ ಆರರಿಂದ ಎಂಟು ವಾರಕ್ಕೊಮ್ಮೆ ಎಲ್ಲ ಕುದುರೆಗಳಿಗೂ ಔಷಧ ಕೊಟ್ಟರೆ ಮೊಟ್ಟೆ ನೆಲಕ್ಕೆ ಬೀಳುವುದೇ ಇಲ್ಲ. ವಲ್ಗಾರಿಸ್ ಹುಳು ಬಲಿತು ಮೊಟ್ಟೆ ಇಡಲು ಆರು ತಿಂಗಳಿಗೂ ಹೆಚ್ಚು ಬೇಕು. ಹಾಗಾಗಿ ಅದಕ್ಕೆ ತಪ್ಪಿಸಿಕೊಳ್ಳಲು ಅವಕಾಶವೇ ಸಿಗಲಿಲ್ಲ. ಕೆಲವೇ ದಶಕಗಳಲ್ಲಿ ಚೆನ್ನಾಗಿ ನೋಡಿಕೊಂಡ ಲಾಯಗಳಿಂದ ಅದು ಬಹುತೇಕ ಮಾಯವಾಯಿತು. ಅಸಂಖ್ಯ ಕುದುರೆಗಳ ಪ್ರಾಣ ಉಳಿಸಿದ ಕೆಲಸವದು.

ಆದರೆ ಗುರಿ ಸಾಧಿಸಿದ ಮೇಲೂ ಎಂಟು ವಾರದ ಅಭ್ಯಾಸ ನಿಲ್ಲಲಿಲ್ಲ. ಕುದುರೆಯ ದೊಡ್ಡ ಕರುಳಿನಲ್ಲಿ ಸಯಾಥೊಸ್ಟೋಮಿನ್ ಎಂಬ ಸಣ್ಣ ಹುಳುಗಳು ಸುಮಾರು ಐವತ್ತು ಜಾತಿಯವಿವೆ. ಅವುಗಳ ಜೀವನಚಕ್ರ ಚಿಕ್ಕದು, ಸಂಖ್ಯೆ ಅಪಾರ. ನಿಲ್ಲದ ಔಷಧದ ಒತ್ತಡದಲ್ಲಿ ಅವು ಬೇಗ ಒಗ್ಗಿಕೊಂಡವು. ಅವುಗಳ ಮರಿಗಳು ಕರುಳಿನ ಗೋಡೆಯಲ್ಲಿ ಗೂಡು ಕಟ್ಟಿ ಎರಡು ವರ್ಷದವರೆಗೂ ಇರಬಲ್ಲವು. ಲಕ್ಷಗಟ್ಟಲೆ ಮರಿಗಳು ಒಮ್ಮೆಗೇ ಗೋಡೆಯೊಡೆದು ಹೊರಬಂದಾಗ ಕುದುರೆಗೆ ತೀವ್ರ ಭೇದಿಯಾಗುತ್ತದೆ. ಚಿಕಿತ್ಸೆ ಕೊಟ್ಟರೂ ಅಂಥ ಕುದುರೆಗಳಲ್ಲಿ ಸುಮಾರು ಅರ್ಧದಷ್ಟು ಉಳಿಯುವುದಿಲ್ಲ. ಮರಿಕುದುರೆಗಳನ್ನು ಕಾಡುವ ಪ್ಯಾರಸ್ಕಾರಿಸ್ ದುಂಡುಹುಳುಗಳೂ ಸುಮ್ಮನಿರಲಿಲ್ಲ. ಐವರ್‌ಮೆಕ್ಟಿನ್‌ಗೆ ಬಗ್ಗದ ಅಂಥ ಹುಳುಗಳು ನೆದರ್‌ಲ್ಯಾಂಡ್ಸಿನಲ್ಲಿ 2002ರಲ್ಲಿ ವರದಿಯಾದವು. 2020ರಲ್ಲಿ ಐರ್ಲೆಂಡಿನಿಂದ ಕೆಂಟಕಿಗೆ ತರಿಸಿದ ಎಳೆಯ ರೇಸ್ ಕುದುರೆಗಳಲ್ಲಿ ಐವರ್‌ಮೆಕ್ಟಿನ್‌ಗೆ ಬಗ್ಗದ ಸಣ್ಣ ಹುಳುಗಳು ವರದಿಯಾದವು. ಕುದುರೆಯೊಡನೆ ಹುಳುವೂ ಸಾಗರ ದಾಟಿತ್ತು. ಕುಣಿಗಲ್ಲಿನಂಥ ಹಳೆಯ ಅಶ್ವ ಸಂವರ್ಧನಾ ಕೇಂದ್ರವಿರುವ ನಮ್ಮ ನಾಡಿಗೂ, ತಳಿಗಾಗಿ ಹೊರಗಿನಿಂದ ಕುದುರೆ ತರಿಸುವ ಯಾರಿಗೂ ಇದು ಎಚ್ಚರಿಕೆಯ ಮಾತು.

ಡೆನ್ಮಾರ್ಕ್ 1999ರಲ್ಲಿ ಗಟ್ಟಿ ನಿರ್ಧಾರ ಕೈಗೊಂಡಿತು. ಪಶುವೈದ್ಯರ ಚೀಟಿಯಿಲ್ಲದೆ ಜಂತುನಾಶಕ ಸಿಗದಂತಾಯಿತು. ಲದ್ದಿ ಪರೀಕ್ಷಿಸಿ, ಅಗತ್ಯ ಕಂಡರೆ ಮಾತ್ರ ಔಷಧ. ಬಳಕೆ ತಗ್ಗಿತು. ಆದರೆ ಒಂದು ದಶಕದ ಬಳಿಕ ನಡೆದ ಅಧ್ಯಯನದಲ್ಲಿ, ಬರೀ ಮೊಟ್ಟೆ ಎಣಿಸಿ ಔಷಧ ಕೊಡುತ್ತಿದ್ದ ಲಾಯಗಳಲ್ಲಿ ಹಳೆಯ ಶತ್ರು ವಲ್ಗಾರಿಸ್ ಹೆಚ್ಚು ಕಾಣಿಸಿತು. ಹಾಗಾಗಿ ಈಗಿನ ಸಲಹೆ ಎರಡನ್ನೂ ಕೂಡಿಸುತ್ತದೆ. ಎಲ್ಲ ವಯಸ್ಕ ಕುದುರೆಗಳಿಗೂ ವರ್ಷಕ್ಕೆ ಒಂದೆರಡು ಬಾರಿ ಔಷಧ. ಅದಕ್ಕೂ ಮೀರಿ ಹೆಚ್ಚು ಮೊಟ್ಟೆ ಉದುರಿಸುವ ಕುದುರೆಗಳಿಗೆ ಮಾತ್ರ. ಹುಳುಗಳನ್ನು ಬದುಕಲು ಬಿಡುವುದಕ್ಕೂ ಲೆಕ್ಕ ಬೇಕು ಎಂಬುದನ್ನು ಡೆನ್ಮಾರ್ಕಿನ ಅನುಭವ ಕಲಿಸಿತು.

ಎಣಿಸಿ ನೋಡುವುದು

ಆ ಲೆಕ್ಕಕ್ಕೆ ಆಧಾರ ಸಗಣಿ, ಹಿಕ್ಕೆ, ಲದ್ದಿಗಳ ಪರೀಕ್ಷೆ. ಉಪ್ಪು ಕರಗುವಷ್ಟು ಕರಗಿಸಿದ ನೀರಿನಲ್ಲಿ ಹಿಕ್ಕೆಯನ್ನು ಕದಡಿದರೆ ಹುಳುವಿನ ಮೊಟ್ಟೆಗಳು ಮೇಲೆ ತೇಲುತ್ತವೆ. ಗೆರೆ ಹಾಕಿದ ಗಾಜಿನ ಕೋಣೆಯಲ್ಲಿ ಅವುಗಳನ್ನು ಎಣಿಸಿ, ಒಂದು ಗ್ರಾಮಿಗೆ ಎಷ್ಟು ಎಂದು ಲೆಕ್ಕ ಹಾಕುತ್ತಾರೆ. ಸಿಡ್ನಿಯ ಮೆಕ್‌ಮಾಸ್ಟರ್ ಪ್ರಯೋಗಾಲಯದಲ್ಲಿ ಗಾರ್ಡನ್ ಮತ್ತು ವಿಟ್‌ಲಾಕ್ 1939ರಲ್ಲಿ ಪ್ರಕಟಿಸಿದ ಈ ವಿಧಾನ ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಬೇಕಾಗುವುದು ಸಾಧಾರಣ ಸೂಕ್ಷ್ಮದರ್ಶಕ, ಉಪ್ಪು ಮತ್ತು ಸ್ವಲ್ಪ ತಾಳ್ಮೆ.

ಔಷಧ ಇನ್ನೂ ಕೆಲಸ ಮಾಡುತ್ತಿದೆಯೇ ಎಂಬುದನ್ನೂ ಇದರಿಂದಲೇ ತಿಳಿಯಬಹುದು. ಔಷಧ ಕೊಡುವ ದಿನ ಹತ್ತು ಹನ್ನೆರಡು ಕುರಿಗಳ ಹಿಕ್ಕೆ ತೆಗೆದು ಎಣಿಸಬೇಕು. ಹತ್ತರಿಂದ ಹದಿನಾಲ್ಕು ದಿನದ ಬಳಿಕ ಅದೇ ಕುರಿಗಳದ್ದನ್ನು ಮತ್ತೆ ಎಣಿಸಬೇಕು. ಮೊಟ್ಟೆಗಳು ಶೇ. 95ಕ್ಕಿಂತ ಕಡಿಮೆ ಇಳಿದಿದ್ದರೆ ಹುಳುಗಳು ಆ ಔಷಧಕ್ಕೆ ಒಗ್ಗುತ್ತಿವೆ ಎಂದು ಅನುಮಾನಿಸಬೇಕು. ಹಾಗೆ ತೀರ್ಮಾನಿಸುವ ಮೊದಲು ಪ್ರಮಾಣ ಸರಿಯಿತ್ತೇ ಎಂದು ನೋಡುವುದು ನ್ಯಾಯ. ಕಣ್ಣಂದಾಜಿನ ತೂಕ ಬಹಳ ಸಲ ನಿಜಕ್ಕಿಂತ ಕಡಿಮೆಯಿರುತ್ತದೆ. ಮೇಕೆಗಳ ದೇಹ ಈ ಔಷಧಗಳನ್ನು ಕುರಿಗಿಂತ ಬೇಗ ಹೊರಹಾಕುತ್ತದೆ. ಕುರಿಯ ಅಳತೆಯನ್ನೇ ಮೇಕೆಗೆ ಕೊಡುತ್ತ ಬಂದದ್ದು ಎಷ್ಟೋ ದೇಶಗಳಲ್ಲಿ ಹುಳುಗಳಿಗೆ ನೆರವಾಗಿದೆ. ಮೇಕೆಗೆ ಎಷ್ಟು ಎಂಬುದನ್ನು ಪಶುವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು. ಗಬ್ಬದ ಮೊದಲ ತಿಂಗಳಲ್ಲಿ ಆಲ್ಬೆಂಡಜೋಲ್ ಕೊಟ್ಟರೆ ಹೊಟ್ಟೆಯಲ್ಲಿರುವ ಮರಿ ಊನವಾಗುವ ಅಪಾಯವಿದೆ ಎಂಬುದನ್ನೂ ಮರೆಯಬಾರದು.

ನೆಲ, ಮೇವು, ತಳಿ

ಹುಲ್ಲುನೆಲದ ಮರಿಗಳಲ್ಲಿ ಹೆಚ್ಚಿನವು ಎಸಳಿನ ಕೆಳಗಿನ ಐದು ಸೆಂಟಿಮೀಟರಿನಲ್ಲೇ ಇರುತ್ತವೆ. ಹುಲ್ಲು ನೆಲಮಟ್ಟಕ್ಕೆ ಬೋಳಾದ ಜಾಗದಲ್ಲಿ ಮತ್ತೆ ಮೇಯಿಸುವುದೆಂದರೆ ಹುಳುವನ್ನೇ ಮೇಯಿಸಿದಂತೆ. ಎತ್ತರದ ಸೊಪ್ಪು ಸದೆ ತಿನ್ನುವ ಮೇಕೆಗೆ ಅಪಾಯ ಕಡಿಮೆ. ಅದೇ ಮೇಕೆಯನ್ನು ಬೇಲಿಯೊಳಗೆ ಹುಲ್ಲು ಮೇಯಲು ಕಟ್ಟಿದರೆ ಅದು ಕುರಿಗಿಂತ ಬೇಗ ಸೋಲುತ್ತದೆ.

ಬಿಸಿ ಮತ್ತು ತೇವದ ನಾಡುಗಳಿಗೆ ಒಂದು ಅನುಕೂಲವಿದೆ. ಇಲ್ಲಿ ಮರಿಗಳು ಬೇಗ ಹುಟ್ಟುತ್ತವೆ, ಆದರೆ ಸೆಕೆಯಲ್ಲಿ ಚುರುಕಾಗಿ ಓಡಾಡಿ ಕೂಡಿಟ್ಟ ಶಕ್ತಿಯನ್ನು ಬೇಗ ಕಳೆದುಕೊಂಡು ಸಾಯುತ್ತವೆ. ಪೆಸಿಫಿಕ್ ಸಾಗರದ ಟೊಂಗಾ ದ್ವೀಪಗಳಲ್ಲಿ 1990ರ ದಶಕದಲ್ಲಿ ನಡೆದ ಪ್ರಯೋಗ ಇದನ್ನೇ ಬಳಸಿಕೊಂಡಿತು. ಮೇಕೆಗಳ ಮೇವಿನ ನೆಲವನ್ನು ಹತ್ತು ಭಾಗ ಮಾಡಿ, ಒಂದೊಂದರಲ್ಲಿ ಮೂರೂವರೆ ದಿನ ಮಾತ್ರ ಮೇಯಿಸಿದರು. ಉದುರಿದ ಮೊಟ್ಟೆ ಮರಿಯಾಗುವ ಮೊದಲೇ ಮೇಕೆಗಳು ಮುಂದೆ ಹೋದವು. ತಿರುಗಿ ಬರುವ ಹೊತ್ತಿಗೆ ಒಂದು ತಿಂಗಳು ಕಳೆದು ಹೆಚ್ಚಿನ ಮರಿಗಳು ಸತ್ತಿದ್ದವು. ಒಂದೆಡೆ ನಿಲ್ಲದೆ ಹೊಲದಿಂದ ಹೊಲಕ್ಕೆ ಮಂದೆ ನಿಲ್ಲಿಸುತ್ತ ಸಾಗುವ ನಮ್ಮ ಅಲೆಮಾರಿ ಕುರುಬರ ಪದ್ಧತಿಯಲ್ಲೂ ಇದೇ ಲಾಭ ಅಡಗಿದೆ. ಆ ಹಾದಿಗಳು ಮುಚ್ಚಿಹೋಗಿ ಹಿಂಡು ಒಂದೇ ಗೋಮಾಳಕ್ಕೆ ಕಟ್ಟುಬಿದ್ದಾಗ ಹುಳುವಿನ ಹೊರೆಯೂ ಏರುತ್ತದೆ.

ಕುರಿ ಮೇದ ನೆಲದಲ್ಲಿ ದನ ಮೇಯಿಸಿದರೂ ಪ್ರಯೋಜನವಿದೆ. ಕುರಿಯ ಹುಳುಗಳಲ್ಲಿ ಹೆಚ್ಚಿನವು ದನದ ಹೊಟ್ಟೆಯಲ್ಲಿ ನೆಲೆಯೂರುವುದಿಲ್ಲ. ದನ ಅವುಗಳನ್ನು ನುಂಗಿ ನೆಲವನ್ನು ಶುದ್ಧ ಮಾಡುತ್ತದೆ. ಕುದುರೆಯ ಬಯಲಿನಲ್ಲಿ ವಾರಕ್ಕೆರಡು ಸಲ ಲದ್ದಿ ಎತ್ತಿಹಾಕುವುದು ಔಷಧದಷ್ಟೇ ಫಲಕೊಡುವ ಕೆಲಸ. ಹಿಂಡಿಯೋ ದ್ವಿದಳ ಮೇವೋ ಕೊಟ್ಟು ಪ್ರೋಟೀನ್ ಹೆಚ್ಚಿಸಿದರೆ, ವಿಶೇಷವಾಗಿ ಈಯುವ ಮುನ್ನ, ಕುರಿಯ ದೇಹವೇ ಹುಳುಗಳನ್ನು ಹತ್ತಿಕ್ಕುತ್ತದೆ.

ತಳಿಗಳ ನಡುವೆಯೂ ವ್ಯತ್ಯಾಸ ದೊಡ್ಡದಿದೆ. ಪೂರ್ವ ಆಫ್ರಿಕಾದ ಕೆಂಪು ಮಸಾಯಿ ಕುರಿ, ಬಂಗಾಳದ ಸುಂದರಬನದ ಪುಟ್ಟ ಗಾರೋಲ್ ಕುರಿ ಹೀಮಾಂಕಸ್‌ಗೆ ಸುಲಭವಾಗಿ ಮಣಿಯುವುದಿಲ್ಲ. ಮಹಾರಾಷ್ಟ್ರದ ಫಲಟಣದಲ್ಲಿ ಗಾರೋಲ್ ರಕ್ತವನ್ನು ನಮ್ಮ ಉತ್ತರ ಕರ್ನಾಟಕದಲ್ಲೂ ಇರುವ ದಖ್ಖನಿ ಕುರಿಗೆ ಸೇರಿಸುವ ಕೆಲಸ ನಡೆದಿದೆ. ಒಂದೇ ತಳಿಯೊಳಗೂ ಕಡಿಮೆ ಮೊಟ್ಟೆ ಉದುರಿಸುವ ಟಗರುಗಳನ್ನು ಆರಿಸುತ್ತ ಹೋದರೆ ಆ ಗುಣ ಮರಿಗಳಿಗೆ ಇಳಿಯುತ್ತದೆ.

ಸ್ಕಾಟ್ಲೆಂಡಿನ ಮೊರ್ಡನ್ ಸಂಸ್ಥೆಯ ಸಂಶೋಧನೆಯಿಂದ ಹುಟ್ಟಿದ ಹೀಮಾಂಕಸ್ ಲಸಿಕೆ 2014ರಿಂದ ಆಸ್ಟ್ರೇಲಿಯಾದಲ್ಲಿ ಬಳಕೆಯಲ್ಲಿದೆ. ಹುಳುವಿನ ಕರುಳಿನ ಪ್ರೋಟೀನನ್ನೇ ಚುಚ್ಚುಮದ್ದಾಗಿ ಕೊಡುತ್ತಾರೆ. ಅದರಿಂದ ಹುಟ್ಟಿದ ಪ್ರತಿಕಾಯಗಳನ್ನು ಹುಳು ರಕ್ತದೊಡನೆ ಕುಡಿಯುತ್ತದೆ, ಅವು ಅದರ ಕರುಳನ್ನು ಕೆಡಿಸುತ್ತವೆ. ಸಗಣಿಯಲ್ಲಿ ಬಲೆ ಹೆಣೆದು ಹುಳುಮರಿಗಳನ್ನು ಹಿಡಿದು ತಿನ್ನುವ ಡಡ್ಡಿಂಗ್ಟೋನಿಯಾ ಎಂಬ ಶಿಲೀಂಧ್ರದ ಬೀಜಕಣಗಳನ್ನು ಮೇವಿನೊಡನೆ ತಿನ್ನಿಸುವ ಉಪಾಯವೂ ಕೆಲವು ದೇಶಗಳಲ್ಲಿ ಮಾರಾಟಕ್ಕೆ ಬಂದಿದೆ.

ಊರಿನ ಆಸ್ತಿ

ಇವೆಲ್ಲ ಒಳ್ಳೆಯವೇ. ಆದರೂ ಮಳೆಗಾಲದ ನಡುವೆ ಕಣ್ಣು ಬಿಳಿಚಿ ನಿಂತ ಕುರಿಯನ್ನು ಉಳಿಸಬಲ್ಲದ್ದು ಇಂದಿಗೂ ಕೆಲಸ ಮಾಡುವ ಔಷಧವೊಂದೇ. ಹೊಸ ಕುಟುಂಬದ ಔಷಧ ಹುಟ್ಟಲು ದಶಕಗಳು ಹಿಡಿಯುತ್ತವೆ. ಅದನ್ನು ಸೋಲಿಸಲು ಹುಳುಗಳಿಗೆ ನಾಲ್ಕೈದು ವರ್ಷ ಸಾಕು.

ಔಷಧದ ಶಕ್ತಿ ಬಾಟಲಿಯಲ್ಲಿರುವಷ್ಟೇ ಹುಳುಗಳ ಗುಣದಲ್ಲೂ ಇದೆ. ಆ ಹುಳುಗಳಿರುವುದು ಎಲ್ಲರ ಹಿಂಡುಗಳೂ ಮೇಯುವ ನೆಲದಲ್ಲಿ. ಹಾಗಾಗಿ ಒಬ್ಬರು ಹಿಂಡಿಗೆಲ್ಲ ಕಣ್ಣುಮುಚ್ಚಿ ಔಷಧ ಕುಡಿಸಿದರೆ ಅದರ ನಷ್ಟ ಗೋಮಾಳ ಹಂಚಿಕೊಂಡ ಎಲ್ಲರದೂ ಆಗುತ್ತದೆ. ಸಂತೆಯಿಂದ ಕೊಂಡು ತಂದ ಕುರಿಗಳನ್ನು ನೇರವಾಗಿ ಹಿಂಡಿಗೆ ಬಿಡದೆ, ಪಶುವೈದ್ಯರನ್ನು ಕೇಳಿ ಎರಡು ಬೇರೆ ಕುಟುಂಬದ ಔಷಧ ಕೊಟ್ಟು, ಒಂದೆರಡು ದಿನ ಕೊಟ್ಟಿಗೆಯಲ್ಲಿ ಇಟ್ಟುಕೊಳ್ಳುವುದು ನೆರೆಯವರಿಗೂ ಮಾಡುವ ಉಪಕಾರ. ಹಾಲಿನ ಸಂಘಗಳು, ಕುರಿ ಸಾಕಣೆದಾರರ ಸಂಘಗಳು ವರ್ಷಕ್ಕೆ ಎರಡು ಸಲ ಬಾಟಲಿ ಹಂಚುವ ಬದಲು ಹಿಕ್ಕೆ ಪರೀಕ್ಷೆಗೆ ಒಂದು ಸೂಕ್ಷ್ಮದರ್ಶಕವನ್ನೂ ಅದನ್ನು ನೋಡಬಲ್ಲ ಒಬ್ಬರನ್ನೂ ಇಟ್ಟುಕೊಂಡರೆ, ಕೆಲವೇ ವರ್ಷಗಳಲ್ಲಿ ಔಷಧದ ಖರ್ಚಿನ ಉಳಿತಾಯವೇ ಆ ವೆಚ್ಚವನ್ನು ತುಂಬಬಹುದು. ಯಾವ ಕುರಿಗೆ ಔಷಧ ಬೇಕು ಎಂದು ನೋಡಿ ಕೊಡುವ ಹಳ್ಳಿಯಲ್ಲಿ, ಮುಂದಿನ ತಲೆಮಾರಿನ ಕುರಿಗಾಹಿಗೂ ಕೆಲಸಕ್ಕೆ ಬರುವ ಔಷಧ ಉಳಿದಿರುತ್ತದೆ.